ಕಣ್ಣಿಗೆ ಕಾಣುವ ಕನ್ನಡ

ಕನ್ನಡವನ್ನು ಕುರಿತು ಮಾತನಾಡುವಾಗ ನಾವು ಅಧ್ಯಾಪಕರು ಕಿವಿಗೆ ಸಂಬಂಧಿಸಿದ ವಿಷಯಗಳನ್ನು ಬಹಳವಾಗಿ ಹೇಳುತ್ತೇವೆ. ಛಂದಸ್ಸು, ಪ್ರಾಸ, ಲಯ, ನುಡಿಯ ಧಾಟಿ, ಇವೆಲ್ಲ ಕಿವಿಗೆ ಸೇರಿದವು. ಅದೇ ಕನ್ನಡವು ಕಣ್ಣಿಗೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ನಮ್ಮ ತರಗತಿಗಳಲ್ಲಿ ಏಳುವುದೇ ಇಲ್ಲ. ಅಕ್ಷರದ ರೂಪವೆಂಬುದು ಅಚ್ಚುಕೂಟದವರ ಕೆಲಸ, ಬೋರ್ಡು ಬರೆಯುವವರ ಕೆಲಸ ಎಂದು ನಾವು ಅದನ್ನು ಬಿಟ್ಟುಬಿಟ್ಟಿದ್ದೇವೆ. ನಾನೂ ಹಾಗೆ ಬಿಟ್ಟವರಲ್ಲಿ ಒಬ್ಬ. ಹದಿನೆಂಟು ವರ್ಷ ಕನ್ನಡ ಪಾಠ ಹೇಳಿದ ಮೇಲೆ ಈ ವಿಷಯವನ್ನು ನನ್ನ ಗಮನಕ್ಕೆ ತಂದವರು ನನ್ನ ತಾಯಿ. ಅವರು ಯಾವ ಗ್ರಂಥವನ್ನೂ ಓದಿದವರಲ್ಲ. ಆದುದರಿಂದ ಆ ಪ್ರಸಂಗದಿಂದಲೇ ಆರಂಭಿಸುತ್ತೇನೆ; ವಾಚಕರು ಮನೆಯ ಮಾತನ್ನು ಕ್ಷಮಿಸಬೇಕು.

ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಆಂಧ್ರದ ಗಡಿ ದೂರವಿಲ್ಲ. ಮನೆಯ ಮಾತು ತೆಲುಗು. ನನ್ನ ತಾಯಿ ಶಾಲೆಗೆ ಹೋದವರಲ್ಲ. ೧೯೯೦ರ ದಶಕದಲ್ಲಿ ಸಾಕ್ಷರತೆಯ ಆಂದೋಲನ ಹಳ್ಳಿಹಳ್ಳಿಗೂ ಬಂದಾಗ, ಹಗಲಿನ ಕೆಲಸ ಮುಗಿಸಿ, ರಾತ್ರಿ ನಮ್ಮೂರ ಶಾಲೆಯ ಜಗಲಿಯಲ್ಲಿ ಕುಳಿತು ಅಕ್ಷರ ಕಲಿತರು. ಅವರು ಕಲಿತದ್ದು ಕನ್ನಡದ ಅಕ್ಷರ. ಅಂದಿನಿಂದ ಬಸ್ಸಿನ ಹಲಗೆ, ಪಡಿತರದ ಚೀಟಿ, ಮದುವೆಯ ಕರೆಯೋಲೆ, ಇವನ್ನೆಲ್ಲ ಕೂಡಿಸಿ ಕೂಡಿಸಿ ಓದುತ್ತಾರೆ. ಈಚೆಗೆ ಅವರನ್ನು ಪಟ್ಟಣದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನಾನು ಚೀಟಿ ಮಾಡಿಸುತ್ತ ಸಾಲಿನಲ್ಲಿ ನಿಂತಿದ್ದೆ. ರಕ್ತ ಪರೀಕ್ಷೆ ಮಾಡುವ ಕೊಠಡಿಯ ಬಳಿ ಕುಳಿತಿರಿ ಎಂದು ಅವರಿಗೆ ಹೇಳಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಮರಳಿ ನನ್ನಲ್ಲಿಗೆ ಬಂದರು. ಮುಖ ಸಣ್ಣಗಾಗಿತ್ತು. 'ಬಾಗಿಲ ಮೇಲೆ ಬರೆದದ್ದು ಓದೋಕೆ ಬರಲಿಲ್ಲಪ್ಪ. ಕಲಿತ ಅಕ್ಷರ ಹೊರಟುಹೋಯಿತೇನೋ, ವಯಸ್ಸಾಯಿತಲ್ಲ' ಎಂದು ತೆಲುಗಿನಲ್ಲಿ ಹೇಳಿದರು.

ನಾನು ಹೋಗಿ ಆ ಫಲಕವನ್ನು ನೋಡಿದೆ. 'ರಕ್ತ ಪರೀಕ್ಷಾ ವಿಭಾಗ' ಎಂದು ಬರೆದಿತ್ತು ಎಂಬುದು ನನಗೂ ತತ್‍ಕ್ಷಣ ತಿಳಿಯಲಿಲ್ಲ. ಕೆಳಗಿನ ಇಂಗ್ಲಿಷ್ ಸಾಲು ಸ್ವಚ್ಛವಾಗಿತ್ತು. ಮೇಲಿನ ಕನ್ನಡದ ಸಾಲನ್ನು ಮಾತ್ರ ಹಲಗೆಯ ಅಗಲಕ್ಕೆ ಸರಿಹೊಂದಲೆಂದು ಎರಡು ಕಡೆಗೂ ಎಳೆದು, ಎತ್ತರದಲ್ಲಿ ಒತ್ತಿಬಿಟ್ಟಿದ್ದರು. ಅಕ್ಷರಗಳು ರೊಟ್ಟಿ ತಟ್ಟಿದ ಹಾಗೆ ಚಪ್ಪಟೆಯಾಗಿದ್ದವು. 'ಕ್ತ'ದ ಒತ್ತು, 'ಕ್ಷ'ದ ಒತ್ತು, ಎರಡೂ ಇಂಗ್ಲಿಷ್ ಸಾಲಿನ ತಲೆಯೊಳಗೆ ಹೊಕ್ಕು ಮಾಯವಾಗಿದ್ದವು. 'ಭ' ಯಾವುದು 'ಬ' ಯಾವುದು ತಿಳಿಯುವಂತಿರಲಿಲ್ಲ. ತಪ್ಪು ಫಲಕದ್ದು, ತಲೆ ತಗ್ಗಿಸಿದವರು ನನ್ನ ತಾಯಿ. ನನ್ನ ಮನಸ್ಸಿಗೆ ನಾಟಿದ್ದು ಇದು. ಕೆಟ್ಟ ಅಕ್ಷರವು ಓದುಗನಿಗೆ ಎಂದೂ ತನ್ನ ತಪ್ಪನ್ನು ಒಪ್ಪಿಕೊಳ್ಳುವುದಿಲ್ಲ. 'ನಿನಗೇ ಓದಲು ಬಾರದು' ಎಂದು ಅದು ಓದುಗನ ಕಡೆಗೇ ಬೆರಳು ತೋರಿಸುತ್ತದೆ. ಹೊಸದಾಗಿ ಓದು ಕಲಿತವರು ಅದನ್ನು ನಂಬಿಬಿಡುತ್ತಾರೆ.

ಫಲಕಗಳಲ್ಲಿ ಕನ್ನಡಕ್ಕೆ ಜಾಗ ಸಾಲದೆಂಬ ಕೂಗು ನಮ್ಮಲ್ಲಿ ಹಳೆಯದು, ನ್ಯಾಯವಾದದ್ದು. ಅದರ ಫಲವಾಗಿ ೨೦೨೨ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ ೨೦೨೪ರಲ್ಲಿ ತಿದ್ದುಪಡಿಯಾಗಿ, ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡ ೬೦ರಷ್ಟು ಕನ್ನಡವಿರಬೇಕೆಂದು ಗೊತ್ತುಮಾಡಲಾಯಿತು. ಇದನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸಿದವನು. ಆದರೆ ಶೇಕಡ ೬೦ ಎಂಬುದು ಜಾಗದ ಲೆಕ್ಕ. ಓದಿನ ಲೆಕ್ಕ ಬೇರೆ. ಚಪ್ಪಟೆಯಾಗಿ ಎಳೆದ ಅಕ್ಷರವೂ ಜಾಗವನ್ನು ತುಂಬುತ್ತದೆ. ನನ್ನ ತಾಯಿ ಓದಲಾರದೆ ಮರಳಿದ ಆ ಫಲಕದಲ್ಲಿ, ಅಳೆದು ನೋಡಿದರೆ, ಕನ್ನಡಕ್ಕೇ ಹೆಚ್ಚು ಜಾಗವಿತ್ತು.

ಈ ಪ್ರಸಂಗವಾದ ಮೇಲೆ ನನ್ನ ಬಿ.ಎ. ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟೆ. ಅವರಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ಕಡೆಯಿಂದಲೂ ಬರುವವರಿದ್ದಾರೆ. 'ನಿಮ್ಮ ನಿಮ್ಮ ಊರಿನ ಬಸ್ ನಿಲ್ದಾಣದಲ್ಲಿ ನಿಂತು, ಕಣ್ಣಿಗೆ ಬಿದ್ದ ಫಲಕಗಳನ್ನು ಇದ್ದಂತೆಯೇ ಕಾಗದದ ಮೇಲೆ ಬರೆದುಕೊಂಡು ಬನ್ನಿ, ತಿದ್ದಬೇಡಿ' ಎಂದೆ. ಅವರು ತಂದ ಹಾಳೆಗಳನ್ನು ಮೇಜಿನ ಮೇಲೆ ಹರಡಿದಾಗ, ನಮ್ಮ ನಾಲ್ಕು ಊರುಗಳ ಹೆಸರೇ ಒಂದು ಪಾಠವಾಯಿತು.

'ಕೋಲಾರ' ಎಂಬ ಹೆಸರಿನಲ್ಲಿ ಒತ್ತಕ್ಷರವಿಲ್ಲ, ಸುಲಭವಾದ ಹೆಸರು. ಆದರೂ ಒಂದು ಕಡೆ ದೀರ್ಘದ ಕೊಂಬು ಕಳಚಿ 'ಕೊಲಾರ'ವಾಗಿತ್ತು. 'ಮಾಲೂರು' ಎಂಬಲ್ಲಿ 'ಲೂ'ವಿಗೂ 'ಲು'ವಿಗೂ ಇರುವ ವ್ಯತ್ಯಾಸ ಒಂದು ಚಿಕ್ಕ ಸುರುಳಿ. ಅಕ್ಷರವನ್ನು ದಪ್ಪ ಮಾಡಿದೊಡನೆ ಆ ಸುರುಳಿ ಹೂತುಹೋಗಿ ಊರು 'ಮಾಲುರು' ಆಗುತ್ತದೆ. 'ಮುಳಬಾಗಿಲು' ಎಂಬಲ್ಲಿಯ 'ಮ'ಕಾರ ಸ್ವಲ್ಪ ಕೆಟ್ಟರೂ 'ವು' ಎಂದು ತೋರುತ್ತದೆ. ಮೂಡಲ ಬಾಗಿಲು ಮುಳಬಾಗಿಲಾಯಿತೆಂದು ಹೇಳುತ್ತಾರೆ. ಅಷ್ಟು ಪರಿವರ್ತನೆ ಸಾಲದೆ ನಾವು ಇನ್ನಷ್ಟು ಮಾಡುತ್ತಿದ್ದೇವೆ. 'ಶ್ರೀನಿವಾಸಪುರ'ದ ಗತಿ ಇನ್ನೂ ವಿಚಿತ್ರ. 'ಶ್ರೀ'ಯ ಕೆಳಗಿನ ರಕಾರದ ಒತ್ತು ಹಲಗೆಯ ಅಂಚಿನಲ್ಲಿ ಕತ್ತರಿಸಿಹೋಗಿ, ಅದು 'ಶೀನಿವಾಸಪುರ' ಎಂದಾಗಿತ್ತು. ಮಾತಿನಲ್ಲಿ ಹಾಗೆನ್ನುವವರು ನಮ್ಮಲ್ಲಿ ಇದ್ದಾರೆಂಬುದು ನಿಜ. ಅದನ್ನು ಬರೆದು ಮೊಳೆ ಹೊಡೆಯಬೇಕಾಗಿಲ್ಲ.

ಆ ಹಾಳೆಗಳಲ್ಲಿ ಸಂತೋಷ ಕೊಟ್ಟದ್ದೂ ಇತ್ತು. ಗಡಿಯ ಕಡೆಯ ಒಂದೆರಡು ಹಳೆಯ ಅಂಗಡಿಗಳ ಮೇಲೆ ಕುಂಚದಲ್ಲಿ ಬರೆದ ಹಲಗೆಗಳು ಇನ್ನೂ ಉಳಿದಿವೆ. ಬರೆದವನು ತೆಲುಗಿನಲ್ಲಿ ಕೈ ಪಳಗಿಸಿಕೊಂಡವನಿರಬೇಕು. ಕನ್ನಡದ ತಲೆಕಟ್ಟನ್ನು ತೆಲುಗಿನ ತಲೆಕಟ್ಟಿನಂತೆ ಮೇಲಕ್ಕೆ ಚಿಮ್ಮಿಸಿದ್ದಾನೆ. ಅಕ್ಕ ತಂಗಿಯರಂಥ ಎರಡು ಲಿಪಿಗಳು ಒಂದರ ಸೆರಗನ್ನು ಇನ್ನೊಂದು ಹಿಡಿದಂತೆ ಕಾಣುತ್ತದೆ. ವ್ಯಾಕರಣದ ದೃಷ್ಟಿಯಿಂದ ಅದು ತಪ್ಪಿರಬಹುದು. ಆದರೆ ರಸ್ತೆಯ ಆಚೆಯಿಂದ ಒಂದೇ ನೋಟಕ್ಕೆ ಓದಬಹುದು. ಆ ಕುಂಚದವನಿಗೆ ತಾನು ಯಾರಿಗಾಗಿ ಬರೆಯುತ್ತಿದ್ದೇನೆಂಬುದು ತಿಳಿದಿತ್ತು.

ಯಾರಿಗಾಗಿ ಬರೆಯುತ್ತಿದ್ದೇವೆ ಎಂಬ ಈ ಪ್ರಶ್ನೆಯೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯೂರೋಪಿನ ಅಕ್ಷರಲೋಕವನ್ನು ಬುಡದಿಂದ ಅಲುಗಾಡಿಸಿತು. ಅಲ್ಲಿಯ ಮುದ್ರಣವು ಬಳ್ಳಿ ಹೂವುಗಳ ಅಲಂಕಾರದಲ್ಲಿ ಮುಳುಗಿದ್ದ ಕಾಲ ಅದು. ೧೯೧೬ರಲ್ಲಿ ಎಡ್ವರ್ಡ್ ಜಾನ್‍ಸ್ಟನ್ ಲಂಡನ್ನಿನ ನೆಲದಡಿಯ ರೈಲಿಗಾಗಿ ಒಂದು ಸರಳವಾದ ಅಕ್ಷರಮಾಲೆಯನ್ನು ರಚಿಸಿದ. ಓಡುತ್ತಿರುವ ಮನುಷ್ಯನೂ ನಿಲ್ದಾಣದ ಹೆಸರನ್ನು ಓದಬೇಕು ಎಂಬುದು ಅದರ ಹಿಂದಿನ ವಿಚಾರ. ೧೯೩೩ರಲ್ಲಿ ಅದೇ ರೈಲಿಗೆ ಹ್ಯಾರಿ ಬೆಕ್ ಬರೆದ ನಕ್ಷೆ ಪ್ರಕಟವಾಯಿತು. ನೆಲದ ಮೇಲಿನ ನಿಜವಾದ ದೂರಗಳನ್ನು ಅವನು ಕೈಬಿಟ್ಟು, ಪ್ರಯಾಣಿಕನಿಗೆ ಎಲ್ಲಿ ಹತ್ತಿ ಎಲ್ಲಿ ಇಳಿಯಬೇಕೆಂಬುದನ್ನು ಮಾತ್ರ ನೇರ ಗೆರೆಗಳಲ್ಲಿ ತೋರಿಸಿದ. ಜರ್ಮನಿಯಲ್ಲಿ ೧೯೧೯ರಲ್ಲಿ ಆರಂಭವಾಗಿ ೧೯೩೩ರಲ್ಲಿ ಮುಚ್ಚಿಹೋದ ಬೌಹೌಸ್ ಎಂಬ ಶಾಲೆ, ಕುರ್ಚಿಯಿಂದ ಹಿಡಿದು ಅಕ್ಷರದವರೆಗೆ ಎಲ್ಲವನ್ನೂ ಅದರ ಉಪಯೋಗದಿಂದ ಅಳೆಯಬೇಕೆಂದು ಸಾರಿತು. ಯಾನ್ ಚಿಕೋಲ್ಡ್ ಎಂಬಾತ ೧೯೨೮ರಲ್ಲಿ ಹೊಸ ಮುದ್ರಣಕಲೆಯ ಸೂತ್ರಗಳನ್ನು ಗ್ರಂಥವಾಗಿ ಬರೆದ. ಮುಂದೆ ಸ್ವಿಟ್ಜರ್ಲೆಂಡಿನವರು ಆ ಸೂತ್ರಗಳನ್ನು ಒಂದು ಶಿಸ್ತಾಗಿ ಬೆಳೆಸಿದರು. ಇಂದು ಜಗತ್ತಿನ ಬೀದಿಬೀದಿಯಲ್ಲಿ ಕಾಣುವ ಹೆಲ್ವೆಟಿಕಾ, ಯೂನಿವರ್ಸ್ ಎಂಬ ಎರಡು ಅಕ್ಷರರೂಪಗಳೂ ೧೯೫೭ರಲ್ಲಿಯೇ ಹೊರಬಂದವು.

ಅಕ್ಷರ ಬಾರದವರ ವಿಷಯವೂ ಅವರ ಗಮನದಿಂದ ತಪ್ಪಲಿಲ್ಲ. ವಿಯೆನ್ನಾದಲ್ಲಿ ಆಟೋ ನ್ಯೂರಾತ್ ಎಂಬ ವಿದ್ವಾಂಸನು ಗೆರ್ಡ್ ಆರ್ನ್ಟ್ಸ್ ಎಂಬ ಕಲಾವಿದನೊಡನೆ ಸೇರಿ, ಅಂಕಿಅಂಶಗಳನ್ನು ಸಾಮಾನ್ಯ ಕಾರ್ಮಿಕನಿಗೂ ತಿಳಿಯುವಂತೆ ಚಿಕ್ಕಚಿಕ್ಕ ಚಿತ್ರಗಳ ಭಾಷೆಯೊಂದನ್ನು ಕಟ್ಟಿದ. ಇದು ನಮಗೆ ದೂರದ ಮಾತೆಂದು ತೋರಬೇಕಾಗಿಲ್ಲ. ೧೯೫೧-೫೨ರ ನಮ್ಮ ಮೊದಲನೆಯ ಮಹಾಚುನಾವಣೆಯಲ್ಲಿ ಓದು ಬಾರದ ಕೋಟಿಗಟ್ಟಲೆ ಜನ ಚಿಹ್ನೆಗಳನ್ನು ನೋಡಿ ಮತ ಹಾಕಿದರು. ಅಕ್ಷರ ಕಲಿಯುವ ಮೊದಲು ನನ್ನ ತಾಯಿಯೂ ಹಾಗೆಯೇ ಮತ ಹಾಕಿದವರು. ಚಿಹ್ನೆಯ ಮುಂದೆ ಅವರೆಂದೂ ತಡವರಿಸಲಿಲ್ಲ. ಕಲಿತ ಅಕ್ಷರದ ಮುಂದೆ ತಡವರಿಸಬೇಕಾಗಿ ಬಂತೆಂಬುದನ್ನು ನೆನೆದಾಗ ಖೇದವಾಗುತ್ತದೆ.

ಈ ಹೊಸ ದೃಷ್ಟಿ ಭಾರತಕ್ಕೆ ಬಾರದೆ ಇರಲಿಲ್ಲ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರ್ಕಾರದ ಕೋರಿಕೆಯ ಮೇಲೆ ದೇಶವನ್ನು ಸುತ್ತಿ ೧೯೫೮ರಲ್ಲಿ ಒಂದು ವರದಿಯನ್ನು ಕೊಟ್ಟರು. ನಮ್ಮ ಮನೆಮನೆಯ ಚೊಂಬನ್ನು, ಅದರ ಆಕಾರ, ತೂಕ, ಹಿಡಿತಗಳನ್ನು ಅವರು ಅಲ್ಲಿ ಮೆಚ್ಚಿ ಬರೆದಿದ್ದಾರೆ. ಅದರ ಬೆನ್ನಲ್ಲಿಯೇ ೧೯೬೧ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾಯಿತು. ಯೂನಿವರ್ಸ್ ಅಕ್ಷರದ ಕರ್ತೃ ಏಡ್ರಿಯನ್ ಫ್ರುಟಿಗರ್ ಆ ಸಂಸ್ಥೆಯೊಡನೆ ಸೇರಿ ದೇವನಾಗರಿಗೆ ಹೊಸ ರೂಪ ಕೊಡುವ ಪ್ರಯತ್ನವನ್ನು ಆ ದಶಕದಲ್ಲಿಯೇ ಮಾಡಿದರು. ಕನ್ನಡಕ್ಕೆ ಮಾತ್ರ ಅಂಥ ಭಾಗ್ಯ ಬೇಗ ಒದಗಲಿಲ್ಲ.

ಹಾಗೆಂದು ನಮ್ಮಲ್ಲಿ ಏನೂ ಇರಲಿಲ್ಲವೆಂದು ತಿಳಿಯಬಾರದು. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ೧೯೦೫ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಮುಳಬಾಗಿಲಿನ ಸಮೀಪದ ಆವನಿಯಂಥ ಸ್ಥಳದಲ್ಲಿ ನಿಂತು ಕಲ್ಲಿನ ಮೇಲಿನ ಹಳೆಯ ಕನ್ನಡವನ್ನು ನೋಡಿದರೆ, ಕೆತ್ತಿದವನು ಸಾಲಿಗೂ ಸಾಲಿಗೂ ನಡುವೆ ಒತ್ತು ಇಳಿಯಲು ಜಾಗ ಬಿಟ್ಟಿರುವುದು ಕಾಣುತ್ತದೆ. ತಾಳೆಗರಿಯ ಮೇಲೆ ಕಂಠದಿಂದ ಕೊರೆಯುವಾಗ ಅಡ್ಡಗೆರೆ ಎಳೆದರೆ ಗರಿ ಸೀಳುತ್ತದೆ; ಆದುದರಿಂದಲೇ ನಮ್ಮ ಅಕ್ಷರ ಗುಂಡಾಯಿತು ಎಂಬುದು ವಿದ್ವಾಂಸರಲ್ಲಿ ಪ್ರಚಲಿತವಾದ ಅಭಿಪ್ರಾಯ. ಉಪಕರಣವನ್ನೂ ಹಾಳೆಯನ್ನೂ ಅರಿತು ಅಕ್ಷರವನ್ನು ತಿದ್ದಿಕೊಳ್ಳುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ವಿದ್ಯೆ.

ಅಚ್ಚಿನ ಕಾಲ ಬಂದಾಗ ತೊಡಕು ಹೆಚ್ಚಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ೧೮೧೭ರಲ್ಲಿ ದೂರದ ಶ್ರೀರಾಮಪುರದಲ್ಲಿ ಅಚ್ಚಾಯಿತು. ೧೮೪೧ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆದರು. ಹರ್ಮನ್ ಮೊಗ್ಲಿಂಗ್ ೧೮೪೩ರ ಜುಲೈ ೧ರಂದು ಹೊರಡಿಸಿದ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂತು. ಅಂದರೆ ಕೈಬರಹವೇ ಕಲ್ಲಿನ ಮೇಲಿನಿಂದ ಕಾಗದಕ್ಕಿಳಿಯಿತು. ಸೀಸದ ಮೊಳೆಗಳಲ್ಲಿ ಕನ್ನಡವನ್ನು ಕೂಡಿಸುವುದು ಸುಲಭದ ಕೆಲಸವಲ್ಲ. ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿ ಕೆಲವು ನೂರು ಬಗೆಯ ಮೊಳೆಗಳು ಬೇಕು. ಹಾಗಿದ್ದೂ ಕಿಟ್ಟೆಲರ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂತು. ಎಪ್ಪತ್ತು ಸಾವಿರ ಪದಗಳ ಆ ಗ್ರಂಥದ ಪುಟವನ್ನು ಇಂದು ತೆರೆದರೂ, ಅಷ್ಟು ಚಿಕ್ಕ ಅಕ್ಷರದಲ್ಲಿ ಒಂದೊಂದು ಒತ್ತೂ ತನ್ನ ಸ್ಥಾನದಲ್ಲಿ ನಿಂತಿರುವುದನ್ನು ಕಂಡು ಕೈಮುಗಿಯಬೇಕೆನಿಸುತ್ತದೆ.

ನಾನು ಹುಡುಗನಾಗಿದ್ದಾಗ ಇಂಥ ಒಂದು ಚಿಕ್ಕ ಅಚ್ಚುಕೂಟ ನಮ್ಮ ಪಟ್ಟಣದಲ್ಲಿಯೂ ಇತ್ತು. ಅಕ್ಕನ ಮದುವೆಯ ಕರೆಯೋಲೆ ಅಚ್ಚು ಹಾಕಿಸಲು ತಂದೆಯವರೊಡನೆ ಹೋಗಿದ್ದೆ. ಮೊಳೆ ಜೋಡಿಸುತ್ತಿದ್ದ ಮುದುಕರು ನನ್ನ ಕುತೂಹಲವನ್ನು ಕಂಡು, 'ನೋಡು ಮರಿ, ಮೇಲಿನ ಅಕ್ಷರ ಯಜಮಾನ, ಕೆಳಗಿನ ಒತ್ತು ಮನೆಗೆ ಬಂದ ನೆಂಟ. ನೆಂಟನಿಗೆ ಕೂರಲು ಜಾಗ ಕೊಡದೆ ಹೋದರೆ ಮನೆಯ ಮರ್ಯಾದೆ ಹೋಗುತ್ತದೆ' ಎಂದಿದ್ದರು. ಆಗ ಅದು ತಮಾಷೆಯ ಮಾತೆಂದು ನಕ್ಕಿದ್ದೆ. ಕನ್ನಡ ಮುದ್ರಣದ ಮೂಲಸೂತ್ರವನ್ನೇ ಅವರು ಹೇಳಿದ್ದರೆಂದು ಈಗ ತಿಳಿಯುತ್ತಿದೆ.

ಏಕೆಂದರೆ ಕನ್ನಡದ ಅಕ್ಷರವು ಇಂಗ್ಲಿಷಿನ ಅಕ್ಷರದಂತೆ ಒಂದೇ ಗೆರೆಯ ಮೇಲೆ ಸಾಲಾಗಿ ಕೂರುವುದಿಲ್ಲ. ಅದಕ್ಕೆ ಮೂರು ಅಂತಸ್ತು: ನಡುವೆ ಅಕ್ಷರದ ಒಡಲು, ಮೇಲೆ ತಲೆಕಟ್ಟು ಮತ್ತು ಗುಡಿಸು, ಕೆಳಗೆ ಒತ್ತು. ಈ ಮೂರಕ್ಕೂ ಎತ್ತರ ಬೇಕು. ಇಂಗ್ಲಿಷಿಗೂ ಕನ್ನಡಕ್ಕೂ ಒಂದೇ ಅಳತೆ ಕೊಟ್ಟರೆ ಕನ್ನಡದ ಒಡಲು ಚಿಕ್ಕದಾಗಿ ಕಾಣುವುದು ಇದರಿಂದಲೇ. ಮಹಾಪ್ರಾಣವನ್ನು ಅಲ್ಪಪ್ರಾಣದಿಂದ ಬೇರ್ಪಡಿಸುವುದು ಅನೇಕ ಕಡೆ ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ದ-ಧ, ಬ-ಭ, ಪ-ಫ ಇವನ್ನು ನೋಡಿ. ಇಂಥ ಲಿಪಿಯನ್ನು ಇಂಗ್ಲಿಷಿಗಾಗಿ ಗೆರೆ ಹಾಕಿದ ಉದ್ದನೆಯ ಪಟ್ಟಿಯಲ್ಲಿ ತುರುಕಿದರೆ ಏನಾಗುತ್ತದೆ ಎಂಬುದನ್ನು ಆಸ್ಪತ್ರೆಯ ಬಾಗಿಲಲ್ಲಿ ನಾನು ಕಂಡಾಯಿತು. ಹೆಲ್ವೆಟಿಕಾದ ಚೆಲುವನ್ನು ಕಂಡು ಮರುಳಾಗಿ, ಕನ್ನಡದ ತಲೆಕಟ್ಟನ್ನು ಬೋಳಿಸಿ, ಗುಂಡನ್ನು ಚೌಕ ಮಾಡಿದ ಪ್ರಯೋಗಗಳನ್ನೂ ಅಲ್ಲಲ್ಲಿ ಕಾಣುತ್ತೇವೆ. ಅವು ಆಧುನಿಕವೆಂದು ತೋರುತ್ತವೆ, ಆದರೆ ಆಧುನಿಕತೆಯ ಮೂಲ ಪ್ರಶ್ನೆಯನ್ನೇ ಮರೆತಿವೆ. ಯೂರೋಪಿನವರು ತಮ್ಮ ಅಕ್ಷರದ ಸ್ವಭಾವವನ್ನು ಬಲ್ಲವರಾಗಿ ಅದನ್ನು ಸರಳಗೊಳಿಸಿದರು. ನಾವು ನಮ್ಮ ಅಕ್ಷರದ ಸ್ವಭಾವವನ್ನರಿಯದೆ ಅವರ ಸರಳತೆಯನ್ನು ಎರವಲು ತಂದರೆ ಅದು ಅನುಕರಣೆಯಾದೀತೇ ಹೊರತು ವಿನ್ಯಾಸವಾಗದು.

ಕನ್ನಡ ಸಾಹಿತ್ಯವು ನವ್ಯವಾದ ಬಗೆಯನ್ನು ಇದಕ್ಕೆ ಹೋಲಿಸಿ ನೋಡಬಹುದು. ಗೋಪಾಲಕೃಷ್ಣ ಅಡಿಗರ 'ಚಂಡೆಮದ್ದಳೆ' ೧೯೫೪ರಲ್ಲಿ ಬಂತು. ಅವರ ಸಂಪಾದಕತ್ವದ 'ಸಾಕ್ಷಿ' ೧೯೬೨ರಲ್ಲಿ ಹೊರಟಿತು. ಹೊರಗಿನಿಂದ ಬಂದ ಪ್ರೇರಣೆಯನ್ನು ಕನ್ನಡದ ನುಡಿಲಯದಲ್ಲಿ ಕರಗಿಸಿಕೊಳ್ಳಲು ಕವಿಗಳು ಪಟ್ಟ ಪಾಡನ್ನು ನಾವು ತರಗತಿಯಲ್ಲಿ ಗಂಟೆಗಟ್ಟಲೆ ವಿವರಿಸುತ್ತೇವೆ. ಆ ಕವಿತೆ ಅಚ್ಚಾದ ಪುಟಕ್ಕೂ ಅಂಥದೇ ಒಂದು ಪಾಡು ಇರಬೇಕಾಗಿತ್ತಲ್ಲವೇ? ಕೆಲವರು ಅದನ್ನು ಪಟ್ಟರು. ೧೯೭೦ರ ಜನವರಿ ೧ರಂದು ಮಣಿಪಾಲದಲ್ಲಿ ಆರಂಭವಾದ 'ಉದಯವಾಣಿ' ತನ್ನ ಮುದ್ರಣದ ಅಚ್ಚುಕಟ್ಟಿನಿಂದಲೇ ಹೆಸರು ಪಡೆಯಿತು. 'ಪ್ರಜಾವಾಣಿ', 'ಸುಧಾ'ಗಳಿಗೆ ಚಂದ್ರನಾಥ ಆಚಾರ್ಯರು ಬರೆದ ಚಿತ್ರಗಳು ಕಥೆಯ ಪಕ್ಕದ ಅಲಂಕಾರವಾಗಿ ಉಳಿಯದೆ, ಕಥೆಗೆ ಇನ್ನೊಂದು ಓದಾದವು. ಇನ್ನೂ ಹಿಂದಕ್ಕೆ ಹೋದರೆ, ಮೈಸೂರು ಗಂಧದ ಸಾಬೂನಿನ ಮೊಟ್ಟೆಯಾಕಾರ, ಆನೆಯ ತಲೆ ಸಿಂಹದ ಮೈ ಉಳ್ಳ ಶರಭದ ಗುರುತು, ಒಡವೆಯ ಕರಡಿಗೆಯಂಥ ಪೆಟ್ಟಿಗೆ, ಇವು ನಮ್ಮ ನಾಡಿನಲ್ಲೇ ಹುಟ್ಟಿದ ಉತ್ತಮ ದೃಶ್ಯವಿನ್ಯಾಸಗಳು. ಓದು ಬಾರದವರೂ ಅಂಗಡಿಯಲ್ಲಿ ಅದನ್ನು ಬೆರಳು ಮಾಡಿ ಕೇಳಬಲ್ಲರು.

ಗಣಕಯಂತ್ರದ ಕಾಲದಲ್ಲಿಯೂ ಕನ್ನಡಕ್ಕಾಗಿ ದುಡಿದವರು ಕಡಿಮೆಯಿಲ್ಲ. ಕೆ. ಪಿ. ರಾವ್ ಅವರು ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆಯನ್ನು ರೂಪಿಸಿದರು. ೧೯೯೮ರಲ್ಲಿ 'ಬರಹ' ಬಂತು. ಅನಂತರ 'ನುಡಿ' ಬಂತು. ಆರ್. ಕೆ. ಜೋಶಿಯವರ ನಿರ್ದೇಶನದಲ್ಲಿ ನಮ್ಮ ನದಿಯ ಹೆಸರನ್ನೇ ಹೊತ್ತ 'ತುಂಗಾ' ಅಕ್ಷರ ಸಿದ್ಧವಾಯಿತು. ಈಚಿನ ವರ್ಷಗಳಲ್ಲಿ 'ಬಾಲೂ ತಮ್ಮ', 'ಅನೇಕ್ ಕನ್ನಡ'ಗಳಂಥ, ಕನ್ನಡದ ಗುಂಡನ್ನು ಅರಿತು ಮಾಡಿದ ಅಕ್ಷರರೂಪಗಳು ಯಾರು ಬೇಕಾದರೂ ಹಣವಿಲ್ಲದೆ ಬಳಸುವಂತೆ ದೊರೆಯುತ್ತಿವೆ. ಮುಳಬಾಗಿಲಿನ ಬೀದಿಯಲ್ಲಿ ಫ್ಲೆಕ್ಸ್ ಅಚ್ಚು ಹಾಕುವ ಹುಡುಗನ ಕೈಗೂ ಅವು ಎಟುಕುತ್ತವೆ.

ಹಾಗಿದ್ದರೆ ಫಲಕಗಳು ಏಕೆ ಕೆಡುತ್ತವೆ? ನಾನು ಅಂಥ ಒಂದು ಅಂಗಡಿಯಲ್ಲಿ ಕುಳಿತು ನೋಡಿದೆ. ಗಿರಾಕಿ ತನ್ನ ಮೊಬೈಲಿನಿಂದ ಕನ್ನಡದ ಸಾಲನ್ನು ಕಳುಹಿಸುತ್ತಾನೆ. ಅದು ಯೂನಿಕೋಡಿನಲ್ಲಿ ಇರುತ್ತದೆ. ಅಂಗಡಿಯ ಹಳೆಯ ತಂತ್ರಾಂಶಕ್ಕೆ ಅದನ್ನು ಕೂಡಿಸಲು ಬರುವುದಿಲ್ಲ. ಒತ್ತು ಕೆಳಗಿಳಿಯದೆ ಅಕ್ಷರದ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಸ್ವರದ ಚಿಹ್ನೆ ತನ್ನ ವ್ಯಂಜನವನ್ನು ಬಿಟ್ಟು ದೂರ ಸರಿಯುತ್ತದೆ. ಆ ಹುಡುಗ ಅದನ್ನು ಹಳೆಯ ಅಕ್ಷರಗಳಲ್ಲಿ ಮತ್ತೆ ಬೆರಳಚ್ಚು ಮಾಡಬೇಕು. ಸಮಯವಿಲ್ಲ, ಗಿರಾಕಿ ಕಾಯುತ್ತಿದ್ದಾನೆ. ಕೊನೆಗೆ ಇಂಗ್ಲಿಷಿನ ಸಾಲನ್ನು ಮೊದಲು ಕೂರಿಸಿ, ಉಳಿದ ಜಾಗದಲ್ಲಿ ಕನ್ನಡವನ್ನು ಎಳೆದು ತುಂಬಿಸುತ್ತಾನೆ. ಅವನನ್ನು ದೂರಿ ಫಲವಿಲ್ಲ. 'ಈ ಒತ್ತು ಎಲ್ಲಿ ಹೋಯಿತು?' ಎಂದು ಕೇಳುವ ಒಬ್ಬ ಗಿರಾಕಿಯೂ ಅವನಿಗೆ ಸಿಕ್ಕಿಲ್ಲ. ಕೇಳಬೇಕಾಗಿದ್ದವರು ನಾವು, ಕನ್ನಡ ಓದಿದವರು. ನನ್ನದೇ ವಿಭಾಗದ ವಿಚಾರಸಂಕಿರಣದ ಫಲಕದಲ್ಲಿ ಒತ್ತುಗಳು ಬಿದ್ದುಹೋಗಿದ್ದಾಗ, ನಾನು ಅದರ ಕೆಳಗೆ ಕುಳಿತು ಭಾಷಾಭಿಮಾನದ ಭಾಷಣ ಮಾಡಿದ್ದೇನೆ.

'ಮೊದಲು ಕನ್ನಡ ಬರಲಿ, ಅಂದಚೆಂದ ಆಮೇಲೆ ನೋಡೋಣ' ಎಂದು ನನ್ನ ಸ್ನೇಹಿತರೊಬ್ಬರು ಹೇಳಿದರು. ಅವರ ಆತುರ ನನಗೆ ಅರ್ಥವಾಗುತ್ತದೆ. ಆದರೆ ನಾನು ಕೇಳುತ್ತಿರುವುದು ಅಂದಚೆಂದವನ್ನಲ್ಲ. ನಮ್ಮ ಈ ತಾಲ್ಲೂಕುಗಳ ಸ್ಥಿತಿಯನ್ನು ಗಮನಿಸಬೇಕು. ಮಾಲೂರಿನ ಆಚೆ ತಮಿಳುನಾಡು, ಮುಳಬಾಗಿಲು ಶ್ರೀನಿವಾಸಪುರಗಳ ಆಚೆ ಆಂಧ್ರ. ಎಷ್ಟೋ ಮನೆಗಳಲ್ಲಿ ಮಗುವಿಗೆ ಕನ್ನಡ ಮೊದಲು ಕಿವಿಯಿಂದ ಬರುವುದಿಲ್ಲ. ಗೋಡೆಯಿಂದ, ಬಸ್ಸಿನಿಂದ, ಅಂಗಡಿಯ ಹಲಗೆಯಿಂದ, ಕಣ್ಣಿನ ಮೂಲಕ ಬರುತ್ತದೆ. ಇಂಥ ಕಡೆ ಫಲಕವೇ ಮೊದಲ ಪುಸ್ತಕ. ಆ ಪುಸ್ತಕದಲ್ಲಿ 'ಶ್ರೀ'ಗೆ ಒತ್ತಿಲ್ಲದಿದ್ದರೆ ಮಗು ಅದನ್ನು ಹಾಗೆಯೇ ಕಲಿಯುತ್ತದೆ. ಮನೆಮಾತು ಬೇರೆಯಾಗಿಯೂ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಕನ್ನಡದ ಆಸ್ತಿಯಾದರು. ಮುಳಬಾಗಿಲಿನಲ್ಲಿ ೧೮೮೭ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ಮನೆಮಾತೂ ಕನ್ನಡವಲ್ಲ. ಇಬ್ಬರೂ ಪತ್ರಿಕೆಗಳನ್ನು ನಡೆಸಿ, ಅಚ್ಚಿನ ಕನ್ನಡದ ಚೊಕ್ಕತನಕ್ಕಾಗಿ ಶ್ರಮಿಸಿದರು. ಈ ನೆಲದವರಾದ ನಮಗೆ ಆ ಹೊಣೆಯಿಂದ ಜಾರಿಕೊಳ್ಳಲು ಅವಕಾಶವಿಲ್ಲ.

ಇನ್ನೊಂದು ಆಕ್ಷೇಪವೂ ಬರಬಹುದು. ಎಲ್ಲ ಫಲಕಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಾದರೆ ಬೀದಿಯ ಜೀವ ಹೋಗುವುದಿಲ್ಲವೇ? ಹೋಗುತ್ತದೆ. ಆ ಭಯ ಚಿಕೋಲ್ಡನಿಗೇ ಉಂಟಾಗಿ, ತಾನು ಯೌವನದಲ್ಲಿ ಸಾರಿದ ಕಠಿಣ ಸೂತ್ರಗಳನ್ನು ಅವನು ಮುಂದೆ ಸಡಿಲಿಸಿದ. ೧೯೪೭ರಿಂದ ೧೯೪೯ರವರೆಗೆ ಪೆಂಗ್ವಿನ್ ಪುಸ್ತಕಗಳನ್ನು ತಿದ್ದುವಾಗ ಹಳೆಯ ಶೈಲಿಯ ಅಕ್ಷರಗಳನ್ನೂ ಆದರದಿಂದ ಬಳಸಿದ. ಶೈಲಿ ಬದಲಾಯಿತು, ಓದುಗನ ಮೇಲಿನ ಕಾಳಜಿ ಬದಲಾಗಲಿಲ್ಲ. ಗಡಿಯ ಆ ಕುಂಚದವನ ಚಿಮ್ಮಿದ ತಲೆಕಟ್ಟು ನನಗೆ ಬೇಕು. ಏಕರೂಪತೆಯನ್ನು ನಾನು ಬೇಡುತ್ತಿಲ್ಲ. ಓದಿಸಿಕೊಳ್ಳುವ ಗುಣವನ್ನು ಬೇಡುತ್ತಿದ್ದೇನೆ.

ಅದಕ್ಕೆ ದೊಡ್ಡ ಯೋಜನೆಗಳು ಬೇಕಾಗ ಮೊದಲು ಚಿಕ್ಕ ಕೆಲಸಗಳು ಸಾಕು. ಫಲಕ ಮಾಡಿಸುವವರು ಕನ್ನಡದ ಸಾಲನ್ನು ಮೊದಲು ಬರೆಸಿ, ಒತ್ತಿಗೆ ಬೇಕಾದ ಎತ್ತರವನ್ನು ಕೊಟ್ಟು, ಉಳಿದ ಭಾಷೆಗೆ ಅನಂತರ ಜಾಗ ಮಾಡಲಿ. ಅಕ್ಷರವನ್ನು ಅಡ್ಡಕ್ಕಾಗಲಿ ಉದ್ದಕ್ಕಾಗಲಿ ಎಳೆಯದಿರಲಿ. ಜಾಗ ಸಾಲದಿದ್ದರೆ ಮಾತನ್ನು ಕಡಿಮೆ ಮಾಡಲಿ. ಫಲಕವನ್ನು ಏರಿಸುವ ಮುನ್ನ ರಸ್ತೆಯ ಆಚೆ ಒಬ್ಬ ವಯಸ್ಸಾದವರನ್ನು ನಿಲ್ಲಿಸಿ ಓದಿಸಲಿ. ಇದಕ್ಕಿಂತ ಉತ್ತಮವಾದ ಪರೀಕ್ಷೆಯನ್ನು ಬೌಹೌಸಿನವರೂ ಕಂಡುಹಿಡಿಯಲಿಲ್ಲ. ಸರ್ಕಾರವು ಶೇಕಡ ೬೦ರ ಜೊತೆಗೆ ಅಕ್ಷರದ ಒಡಲು ಇಷ್ಟು ಎತ್ತರವಿರಬೇಕು, ಒತ್ತು ಪೂರ್ಣವಾಗಿ ಕಾಣಬೇಕು ಎಂಬ ಎರಡು ಮಾತುಗಳನ್ನು ಸೇರಿಸಲಿ. ನಮ್ಮ ಕನ್ನಡ ಎಂ.ಎ. ತರಗತಿಗಳಲ್ಲಿ ಲಿಪಿಯ ಚರಿತ್ರೆಯನ್ನು ಹಳೆಯ ಶಾಸನಗಳಿಗೇ ನಿಲ್ಲಿಸದೆ, ಸೀಸದ ಮೊಳೆ, ಕಲ್ಲಚ್ಚು, ಯೂನಿಕೋಡುಗಳವರೆಗೆ ಮುಂದುವರಿಸಲಿ. ಒತ್ತು ಬಿದ್ದ ಫಲಕದ ಕೆಳಗೆ ಭಾಷಣ ಮಾಡಲು ನಾವು ಅಧ್ಯಾಪಕರು ಒಪ್ಪದಿರೋಣ. ನಾನು ಈಗಾಗಲೇ ಒಮ್ಮೆ ಹಾಗೆ ಹೇಳಿ ಫಲಕವನ್ನು ಬದಲಾಯಿಸಿದೆ. ಸಭೆ ಸ್ವಲ್ಪ ತಡವಾಯಿತು. ಇನ್ನಾವ ಹಾನಿಯೂ ಆಗಲಿಲ್ಲ.

ಆಸ್ಪತ್ರೆಯಿಂದ ಮರಳುವಾಗ ನಾವು ಬಸ್ಸಿಗೆ ಕಾದು ನಿಂತಿದ್ದೆವು. ದೂರದಲ್ಲಿ ಒಂದು ಬಸ್ಸು ಬಂತು. ಅದರ ಹಣೆಯ ಮೇಲೆ ಯಾರೋ ಬಿಳಿಯ ಹಲಗೆಯಲ್ಲಿ ಕೆಂಪು ಬಣ್ಣದಿಂದ, ಕೈಯಲ್ಲಿಯೇ, ಗುಂಡುಗುಂಡಾಗಿ ಊರಿನ ಹೆಸರನ್ನು ಬರೆದಿದ್ದರು. ನಾನು ಕನ್ನಡಕ ಹುಡುಕುತ್ತಿರುವಾಗಲೇ ತಾಯಿ ಅದನ್ನು ಓದಿ, 'ಶ್ರೀನಿವಾಸಪುರ. ನಮ್ಮದೇ, ಬಾ' ಎಂದು ಮುಂದೆ ನಡೆದರು. ಒತ್ತಿನ ಸಹಿತ ಓದಿದರು. ಕಲಿತ ಅಕ್ಷರ ಎಲ್ಲಿಗೂ ಹೊರಟುಹೋಗಿರಲಿಲ್ಲ.